ಅಚ್ಚಿನ ಮೊಳೆಯಿಂದ ಗಣಕದ ಸಂಕೇತಕ್ಕೆ

ಹೊಸ ತಂತ್ರಜ್ಞಾನವನ್ನು ಸಮಾಜವು ಸ್ವೀಕರಿಸುವಾಗ ಎದುರಾಗುವ ತೊಡಕುಗಳ ಮಾತು ಬಂದಾಗಲೆಲ್ಲ ಒಂದು ಸಿದ್ಧಚಿತ್ರ ಕಣ್ಣ ಮುಂದೆ ನಿಲ್ಲುತ್ತದೆ. ಯಂತ್ರದ ಮುಂದೆ ಕುಳಿತು ತಡವರಿಸುವ ವೃದ್ಧರು, ಅವರ ಬೆರಳು ಹಿಡಿದು ಗುಂಡಿ ಒತ್ತಿಸುವ ಮೊಮ್ಮಕ್ಕಳು. ತೊಡಕೆಲ್ಲ ಮನುಷ್ಯನ ಅಂಜಿಕೆಯಲ್ಲಿದೆ, ಯಂತ್ರದ ಕಡೆಯಿಂದ ಯಾವ ಲೋಪವೂ ಇಲ್ಲ ಎಂಬುದು ಈ ಚಿತ್ರದ ತಾತ್ಪರ್ಯ. ಚೆಂಬೂರಿನ ಒಬ್ಬ ಹಿರಿಯರ ಅನುಭವ ಮಾತ್ರ ಈ ಚಿತ್ರದೊಳಗೆ ಕೂರುವುದಿಲ್ಲ. ಅವರು ಯಂತ್ರಕ್ಕೆ ಎಂದೂ ಅಂಜಿದವರಲ್ಲ. ತಮ್ಮ ಓರಗೆಯವರಿಗಿಂತ ಮೊದಲೇ ಅದನ್ನು ನಂಬಿದರು. ನಂಬಿದ್ದರಿಂದಲೇ ನಷ್ಟಕ್ಕೆ ಗುರಿಯಾದರು. ಅವರ ನಷ್ಟದ ಕಾರಣವನ್ನು ಹುಡುಕುತ್ತ ಹೋದರೆ ಅದು ಒಬ್ಬ ವ್ಯಕ್ತಿಯ ಕಥೆಯಾಗಿ ಉಳಿಯದೆ ಕನ್ನಡ ಲಿಪಿಯ ಇತ್ತೀಚಿನ ಚರಿತ್ರೆಯ ಒಂದು ಅಧ್ಯಾಯವಾಗಿ ತೆರೆದುಕೊಳ್ಳುತ್ತದೆ.

ಚೆಂಬೂರು ಹೊಸತನ್ನು ಬಹಳ ಬೇಗ ಕಂಡ ಊರು. ಕುರ್ಲಾದಿಂದ ಇಲ್ಲಿಗೆ 1906ರಲ್ಲಿ ರೈಲುಹಳಿ ಬಂದದ್ದು ಮುಂಬಯಿಯ ಕಸವನ್ನು ಸಾಗಿಸುವುದಕ್ಕಾಗಿ. ಪ್ರಯಾಣಿಕರಿಗೆ ಆ ದಾರಿ ತೆರೆದದ್ದು 1924ರಲ್ಲಿ. ಸ್ವಾತಂತ್ರ್ಯಾನಂತರ ಪಕ್ಕದ ಮಾಹುಲ್ ಮತ್ತು ತ್ರಾಂಬೆಯ ಕಡೆ ಎಣ್ಣೆ ಶುದ್ಧೀಕರಣದ ಸ್ಥಾವರಗಳು ಎದ್ದವು. 1956ರ ಆಗಸ್ಟ್ 4ರಂದು ತ್ರಾಂಬೆಯಲ್ಲಿ ಅಪ್ಸರಾ ಪರಮಾಣು ಸ್ಥಾವರ ಕ್ರಿಯಾಶೀಲವಾಯಿತು. ನಗರದ ಇನ್ನೊಂದು ತುದಿಯ ಕೊಲಾಬಾದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ 1960ರಲ್ಲಿ ಟಿಫ್ರಾಕ್ ಎಂಬ ಗಣಕಯಂತ್ರ ಕೆಲಸಕ್ಕೆ ನಿಂತಿತು. ಅದೇ ವರ್ಷಗಳಲ್ಲಿ ಕರಾವಳಿಯಿಂದ ಬಸ್ಸು, ಹಡಗು ಹತ್ತಿ ಬಂದ ಹುಡುಗರು ಹಗಲು ಹೋಟೆಲುಗಳಲ್ಲಿ ಮೇಜು ಒರೆಸಿ, ರಾತ್ರಿ ಶಾಲೆಗಳಲ್ಲಿ ಕನ್ನಡ ಅಕ್ಷರ ಕಲಿಯುತ್ತಿದ್ದರು. ಅವರು ಓದುತ್ತಿದ್ದ ಪಠ್ಯಪುಸ್ತಕವನ್ನು ಒಬ್ಬ ಕಂಪಾಸಿಟರು ಸೀಸದ ಮೊಳೆಗಳನ್ನು ಒಂದೊಂದಾಗಿ ಆಯ್ದು ಜೋಡಿಸಿರುತ್ತಿದ್ದನು. ಪರಮಾಣುವೂ ಅಚ್ಚಿನ ಮೊಳೆಯೂ ಒಂದೇ ನಗರದಲ್ಲಿ ಒಟ್ಟಿಗೆ ಬಾಳುತ್ತಿದ್ದ ಕಾಲವದು.

ಇಲ್ಲಿ ಹೇಳಹೊರಟ ಹಿರಿಯರು ಆ ಹುಡುಗರಲ್ಲಿ ಒಬ್ಬರು. ಕಾರ್ಕಳದ ಕಡೆಯ ಹಳ್ಳಿಯೊಂದರಿಂದ 1955ರಲ್ಲಿ, ಹದಿನೇಳರ ಪ್ರಾಯದಲ್ಲಿ ಮುಂಬಯಿಗೆ ಬಂದರು. ಹೋಟೆಲಿನಲ್ಲಿ ದುಡಿಯುತ್ತ ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿದರು. ತ್ರಾಂಬೆಯ ಕೇಂದ್ರದ ಉಪಕರಣ ಕಾರ್ಯಾಗಾರದಲ್ಲಿ ಸಹಾಯಕರಾಗಿ ಸೇರಿ, ಅಲ್ಲಿಯೇ ಮೂವತ್ತೈದು ವರ್ಷಗಳಿಗೂ ಮಿಕ್ಕಿ ದುಡಿದು, 1998ರಲ್ಲಿ ನಿವೃತ್ತರಾದರು. ತಮಗೆ ಅಕ್ಷರ ಕೊಟ್ಟ ರಾತ್ರಿ ಶಾಲೆಯ ಋಣವನ್ನು ತೀರಿಸಲೆಂದು ಕೆಲಸ ಮುಗಿದ ಮೇಲೆ ಸಂಜೆ ಅಂಥದೇ ಶಾಲೆಯೊಂದರಲ್ಲಿ ಬಹುಕಾಲ ಕನ್ನಡ ಕಲಿಸಿದರು. ಕಾರ್ಯಾಗಾರದಲ್ಲಿ ಅವರಿಗೆ ಯಾವ ಹೆಸರಿತ್ತೋ, ಚೆಂಬೂರಿನ ಕನ್ನಡಿಗರಿಗೆ ಮಾತ್ರ ಅವರು ‘ಮಾಸ್ಟ್ರು’.

ಆ ಶಾಲೆಯಲ್ಲಿ ಮಾಸ್ಟ್ರ ಕಿವಿ ಒಂದು ಸಂಪತ್ತನ್ನು ಕಂಡಿತು. ಹುಡುಗರು ಆಡುತ್ತಿದ್ದ ಕನ್ನಡ ಊರಿನ ಕನ್ನಡವಾಗಿರಲಿಲ್ಲ; ಪಠ್ಯದ ಕನ್ನಡವೂ ಆಗಿರಲಿಲ್ಲ. ತುಳು, ಕೊಂಕಣಿ, ಮರಾಠಿ, ಹಿಂದಿಗಳೊಡನೆ ಹೋಟೆಲಿನ ಒಲೆಯ ಮುಂದೆ ಬೆಂದು ಸಿದ್ಧವಾದ ಭಾಷೆ ಅದು. ಹಣ ಎಣಿಸುವ ಮೇಜು ‘ಗಲ್ಲಾ’, ಅಡುಗೆಮನೆ ‘ಭಟಾರಖಾನಾ’, ಅರ್ಧ ಲೋಟ ಚಹಾ ‘ಕಟಿಂಗ್’, ಹತ್ತು ಮಂದಿ ಮಲಗುವ ಕೋಣೆ ‘ಖೋಲಿ’, ಪಾತ್ರೆ ತೊಳೆಯುವ ಮೂಲೆ ‘ಮೋರಿ’, ಬಾಡಿಗೆಯ ಹಕ್ಕಿಗಾಗಿ ಮೊದಲೇ ತೆರುವ ಮೊತ್ತ ‘ಪಗಡಿ’. ಒಂದೊಂದು ಪದವನ್ನೂ ಅವರು ಚೀಟಿಯ ಮೇಲೆ ಬರೆದು, ಅದನ್ನು ಆಡಿದವನು ಯಾವ ಊರಿನವನು, ಯಾವ ಸಂದರ್ಭದಲ್ಲಿ ಆಡಿದ, ಅವನ ಬಾಯಲ್ಲಿ ಅದರ ಉಚ್ಚಾರ ಹೇಗಿತ್ತು ಎಂಬುದನ್ನೆಲ್ಲ ಗುರುತಿಸಿದರು. ಕಾರ್ಯಾಗಾರದಲ್ಲಿ ಅಳತೆಯನ್ನು ದಾಖಲಿಸುವ ಶಿಸ್ತು ಚೀಟಿಗಳಲ್ಲಿಯೂ ಇತ್ತು. ಮೂರು ದಶಕಗಳಲ್ಲಿ ಮೂರು ಸಾವಿರಕ್ಕೂ ಮಿಕ್ಕಿ ಚೀಟಿಗಳಾದವು. ಬೂಟಿನ ಪೆಟ್ಟಿಗೆಗಳಲ್ಲಿ ಅಕಾರಾದಿಯಾಗಿ ಕುಳಿತ ಆ ಚೀಟಿಗಳೇ ಮಾಸ್ಟ್ರ ಪದಕೋಶ.

ಅಚ್ಚು ಮಾಡಿಸುವ ಹೊತ್ತು ಬಂದದ್ದು 1997ರಲ್ಲಿ. ಅಷ್ಟರಲ್ಲಿ ಮೊಳೆ ಜೋಡಿಸುವ ಮುದ್ರಣಾಲಯಗಳು ಒಂದೊಂದಾಗಿ ಬಾಗಿಲು ಹಾಕತೊಡಗಿದ್ದವು. ಕನ್ನಡದ ಮೊಳೆ ಜೋಡಿಸಬಲ್ಲ ಕೈಗಳು ಮುಂಬಯಿಯಲ್ಲಿ ವಿರಳವಾಗಿದ್ದವು, ಎಲ್ಲೆಡೆ ಡಿ.ಟಿ.ಪಿ. ಕೇಂದ್ರಗಳ ಫಲಕಗಳು ಕಾಣುತ್ತಿದ್ದವು. ಮಾಸ್ಟ್ರ ಓರಗೆಯ ಲೇಖಕರು ಪರದೆಯ ಮೇಲಿನ ಅಕ್ಷರವನ್ನು ಸಂಶಯದಿಂದ ನೋಡುತ್ತಿದ್ದಾಗ ಅವರು ಸಂತೋಷದಿಂದ ಒಪ್ಪಿದರು. ಅಕ್ಷರ ಸವೆಯುವುದಿಲ್ಲ, ತಿದ್ದುಪಡಿಗೆ ಪುಟವನ್ನೇ ಬಿಚ್ಚಬೇಕಾಗಿಲ್ಲ, ಮೂರು ಸಾವಿರ ಚೀಟಿಗಳು ಅಂಗೈಯಗಲದ ಮೂರು ಫ್ಲಾಪಿಗಳಲ್ಲಿ ಅಡಗುತ್ತವೆ ಎಂಬುದು ಅವರಿಗೆ ವಿಜ್ಞಾನದ ವಿಜಯವಾಗಿ ಕಂಡಿತು. ಸ್ಟೇಷನ್ನಿನ ಬಳಿಯ ಕೇಂದ್ರವೊಂದರಲ್ಲಿ ಕೆಲಸ ಆರಂಭವಾಯಿತು. ಬೆರಳಚ್ಚು ಪೂರ್ತಿಯಾಯಿತು, ಮೊದಲ ಇಪ್ಪತ್ತನಾಲ್ಕು ಪುಟಗಳ ಕರಡಚ್ಚು ಕೈಸೇರಿತು. ಮಾಸ್ಟ್ರು ಕೆಂಪು ಶಾಯಿಯಲ್ಲಿ ತಿದ್ದಿ ಕೊಡುವಷ್ಟರಲ್ಲಿ ಬಾಡಿಗೆ ಏರಿ ಆ ಕೇಂದ್ರ ಮುಚ್ಚಿಹೋಯಿತು. ಅದರ ಯಜಮಾನ ಸಜ್ಜನ; ಊರಿಗೆ ಹೊರಡುವ ಮುನ್ನ ಫ್ಲಾಪಿಗಳನ್ನೂ ತಿದ್ದಿದ ಪುಟಗಳನ್ನೂ ಮನೆಗೇ ತಂದುಕೊಟ್ಟ. “ನಿಮ್ಮ ಪುಸ್ತಕ ಇದರೊಳಗೆ ಭದ್ರವಾಗಿದೆ ಮಾಸ್ಟ್ರೇ, ಎಲ್ಲಿ ಬೇಕಾದರೂ ಅಚ್ಚು ಹಾಕಿಸಿ” ಎಂದ. ಅವನು ಸುಳ್ಳು ಹೇಳಿರಲಿಲ್ಲ. ತನಗೆ ತಿಳಿದಷ್ಟನ್ನೇ ಹೇಳಿದ್ದ.

ಮುದ್ರಣಕ್ಕೆ ಹಣ ಕೂಡಿಸುವುದರಲ್ಲಿ, ಮನೆಯ ಕಾಯಿಲೆ ಕಸಾಲೆಗಳಲ್ಲಿ ವರ್ಷಗಳು ಸರಿದವು. 2004ರಲ್ಲಿ ಮಗ ಆ ಫ್ಲಾಪಿಗಳನ್ನು ಒಂದು ಸಿ.ಡಿ.ಗೆ ಇಳಿಸಲು ಕುಳಿತಾಗ ಮೂರನೆಯ ಫ್ಲಾಪಿ ಓದಿಕೊಳ್ಳಲಿಲ್ಲ. ಅದರಲ್ಲಿದ್ದದ್ದು ಸಕಾರ, ಹಕಾರಗಳ ಪದಗಳು. ಚೀಟಿಗಳು ಇವೆಯಲ್ಲ, ಮತ್ತೊಮ್ಮೆ ಬೆರಳಚ್ಚು ಮಾಡಿಸಿದರಾಯಿತು ಎಂದು ಎಲ್ಲರೂ ಸಮಾಧಾನಪಟ್ಟರು. ಮರುವರ್ಷ, 2005ರ ಜುಲೈ 26ರಂದು, ಸಾಂತಾಕ್ರೂಜ್ ಮಾಪನ ಕೇಂದ್ರದಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ಘಾಟ್ಲಾದ ಬಳಿಯ ನೆಲಮಹಡಿಯ ಆ ಮನೆಯಲ್ಲಿ ಮಂಚ ಮುಳುಗುವಷ್ಟು ನೀರು ನಿಂತಿತು. ಬೂಟಿನ ಪೆಟ್ಟಿಗೆಗಳು ಮಂಚದ ಅಡಿಯಲ್ಲಿದ್ದವು. ಎರಡು ದಿನಗಳ ಬಳಿಕ ನೀರು ಇಳಿದಾಗ ಚೀಟಿಗಳು ಒಂದಕ್ಕೊಂದು ಅಂಟಿ ಗಾರೆಯ ಇಟ್ಟಿಗೆಗಳಂತೆ ಕೈಗೆ ಬಂದವು. ಶಾಯಿ ನೀಲಿ ನೀರಾಗಿ ಹರಿದುಹೋಗಿತ್ತು. ಸಿ.ಡಿ. ಮಾತ್ರ ಅಟ್ಟದ ಮೇಲೆ ಒಣಗಿಕೊಂಡಿತ್ತು. ಕಾಗದವನ್ನು ನೀರು ನುಂಗಿತು, ಯಂತ್ರ ಉಳಿಸಿತು ಎಂದು ಮಾಸ್ಟ್ರು ನೆರೆಹೊರೆಯವರಿಗೆ ಹೇಳಿದರು. ಹೇಳುವಾಗ ಅವರ ದನಿಯಲ್ಲಿ ದುಃಖಕ್ಕಿಂತ ಹೆಮ್ಮೆಯೇ ಮಿಗಿಲಾಗಿತ್ತು.

ಆ ಹೆಮ್ಮೆ ಮುಂದಿನ ವರ್ಷ ಮುರಿಯಿತು. ಹೊಸ ಕಂಪ್ಯೂಟರಿನಲ್ಲಿ ಸಿ.ಡಿ.ಯನ್ನು ತೆರೆದಾಗ ಪರದೆಯ ಮೇಲೆ ಮೂಡಿದ್ದು ಕನ್ನಡವಲ್ಲ. ನೆತ್ತಿಯ ಮೇಲೆ ಗೆರೆ, ಚುಕ್ಕೆ, ಗೊಂಡೆಗಳನ್ನು ಹೊತ್ತ ರೋಮನ್ ಅಕ್ಷರಗಳ ಸಾಲುಗಳು. ನಡುನಡುವೆ ಹಣದ ಗುರುತು, ಗಣಿತದ ಚಿಹ್ನೆ. ಕಡತ ಕೆಟ್ಟಿರಲಿಲ್ಲ. ಒಂದಂಕಿಯೂ ಅದಲುಬದಲಾಗಿರಲಿಲ್ಲ. ಆದರೂ ಅದು ಓದಲಾಗದ ಬರಹ. ಬೆರಳಚ್ಚಿಗೆ ಬಳಸಿದ ತಂತ್ರಾಂಶ ಪೇಟೆಯಲ್ಲಿ ಇರಲಿಲ್ಲ. ಹಳೆಯ ಪ್ರತಿ ದೊರೆತರೂ ಅದನ್ನು ನಡೆಸಲು ಬೇಕಾದ ಬೀಗದ ತುಣುಕು ಮುಚ್ಚಿಹೋದ ಕೇಂದ್ರದೊಡನೆಯೇ ಕಾಣೆಯಾಗಿತ್ತು. ಮಾಸ್ಟ್ರು ಬೆಂಗಳೂರಿನವರೆಗೂ ವಿಚಾರಿಸಿದರು. ಮತ್ತೆ ಬೆರಳಚ್ಚು ಮಾಡಿಸಿ ಎಂಬ ಸಲಹೆ ಬಂತು. ಯಾವುದನ್ನು ನೋಡಿ ಮಾಡಿಸುವುದು ಎಂಬ ಪ್ರಶ್ನೆಗೆ ಯಾರಲ್ಲಿಯೂ ಉತ್ತರವಿರಲಿಲ್ಲ.

ಇಲ್ಲಿ ಒಂದಿಷ್ಟು ಹಿಂದೆ ಸರಿದು, ಹೀಗೇಕಾಯಿತೆಂಬುದನ್ನು ನೋಡಬೇಕು. ಕಂಪ್ಯೂಟರು ಅಕ್ಷರವನ್ನು ಬಲ್ಲದಲ್ಲ. ಅದು ಬಲ್ಲುದು ಅಂಕಿಗಳನ್ನು ಮಾತ್ರ. ಯಾವ ಅಂಕಿಗೆ ಯಾವ ಅಕ್ಷರ ಎಂಬುದು ಮನುಷ್ಯರು ಮಾಡಿಕೊಳ್ಳುವ ಒಪ್ಪಂದ. ಆ ಕಾಲದ ಯಂತ್ರಗಳಲ್ಲಿ ಒಂದು ಫಾಂಟಿಗೆ ಇದ್ದ ಸ್ಥಾನಗಳು 256 ಮಾತ್ರ. ಅವೂ ರೋಮನ್ ಲಿಪಿಗಾಗಿ ಏರ್ಪಟ್ಟವು. ಕಾಗುಣಿತ, ಒತ್ತಕ್ಷರಗಳು ಸೇರಿದರೆ ಸಾವಿರಾರು ರೂಪಗಳನ್ನು ತಾಳುವ ಕನ್ನಡವನ್ನು ಅಷ್ಟರೊಳಗೆ ಹಿಡಿಸುವುದು ಹೇಗೆ? ಫಾಂಟು ಮಾಡುವವರು ಅಕ್ಷರಗಳನ್ನು ತುಂಡರಿಸಿದರು. ‘ಕ’ ಎಂಬಲ್ಲಿ ಮೈ ಒಂದು ತುಂಡು, ತಲೆಕಟ್ಟು ಇನ್ನೊಂದು ತುಂಡು. ‘ಕಿ’ ಎಂಬುದು ಇಡಿಯಾಗಿ ಮತ್ತೊಂದು. ಆ ತುಂಡುಗಳನ್ನು ರೋಮನ್ ಅಕ್ಷರಗಳ ಪೀಠಗಳ ಮೇಲೆ ಕೂರಿಸಿದರು. ಇದು ಬುದ್ಧಿವಂತಿಕೆಯ ಉಪಾಯವೇ. ಆದರೆ ಒಂದೊಂದು ಸಂಸ್ಥೆಯೂ ತನಗೆ ತೋಚಿದಂತೆ ತುಂಡರಿಸಿ, ತನಗೆ ಬೇಕಾದ ಪೀಠದಲ್ಲಿ ಕೂರಿಸಿತು. ಒಂದು ಫಾಂಟಿನ ಕನ್ನಡ ಇನ್ನೊಂದರಲ್ಲಿ ಕನ್ನಡವೇ ಅಲ್ಲ. ಒಂದೇ ಭಾಷೆಯನ್ನು ಬರೆಯುವವರು ಹತ್ತಾರು ದ್ವೀಪಗಳಲ್ಲಿ ನೆಲೆಸಿದಂತಾಯಿತು.

ಒಪ್ಪಂದದ ಪ್ರಯತ್ನಗಳು ಆಗ ಇರಲಿಲ್ಲವೆಂದಲ್ಲ. ಭಾರತೀಯ ಲಿಪಿಗಳಿಗೆಲ್ಲ ಸಮಾನವಾದ ಇಸ್ಕಿ ಎಂಬ ಸಂಕೇತಪದ್ಧತಿ ರಾಷ್ಟ್ರೀಯ ಮಾನಕವಾಗಿ 1991ರಲ್ಲಿ ಪ್ರಕಟವಾಗಿತ್ತು. ಅದೇ ವರ್ಷ ಹೊರಬಂದ ಯುನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿತ್ತು. ಮುಂಬಯಿಯ ನಂಟಿದ್ದ ಹಲವರು ಈ ಕ್ಷೇತ್ರದಲ್ಲಿ ದುಡಿದರು. ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಮುಂಬಯಿಯಲ್ಲಿ ಕೆಲಸ ಮಾಡಿ ಅಕ್ಷರಜೋಡಣೆಯ ಹೊಸ ತಂತ್ರಗಳನ್ನು ಅರಿತವರು. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿನ ‘ಸೇಡಿಯಾಪು’ ತಂತ್ರಾಂಶವನ್ನೂ, ಮುಂದೆ ಕರ್ನಾಟಕ ಸರ್ಕಾರ ಮಾನ್ಯಮಾಡಿದ ಧ್ವನ್ಯನುಸಾರಿ ಕೀಲಿಮಣೆಯ ವಿನ್ಯಾಸವನ್ನೂ ಕನ್ನಡಕ್ಕೆ ಕೊಟ್ಟರು. ಪವಾಯಿಯ ಐ.ಐ.ಟಿ.ಯಲ್ಲಿ ಅಧ್ಯಾಪಕರಾಗಿದ್ದ ಲಿಪಿಕಾರ ಆರ್.ಕೆ. ಜೋಶಿ ಅವರ ಕೈಯಿಂದ ‘ತುಂಗಾ’ ಎಂಬ ಕನ್ನಡ ಫಾಂಟು ರೂಪುಗೊಂಡು, 2001ರ ವಿಂಡೋಸ್ ಎಕ್ಸ್‌ಪಿಯೊಡನೆ ಲೋಕದ ಮೇಜುಗಳನ್ನು ತಲಪಿತು. ಮಾಸ್ಟ್ರ ಮನೆಯಿಂದ ಕೆಲವೇ ಮೈಲಿಗಳ ಅಂತರದಲ್ಲಿ ಹೀಗೆ ಮಾರ್ಗ ತೆರೆಯುತ್ತಿತ್ತು. ಆದರೆ ಸ್ಟೇಷನ್ನಿನ ಬಳಿಯ ಡಿ.ಟಿ.ಪಿ. ಕೇಂದ್ರಕ್ಕೆ ಅಂದು ಬೇಕಾಗಿದ್ದುದು ನಾಳೆ ಬೆಳಿಗ್ಗೆ ಒಪ್ಪಿಸಬೇಕಾದ ಲಗ್ನಪತ್ರಿಕೆ. ಕಾಗದದ ಮೇಲೆ ಅಕ್ಷರ ಅಂದವಾಗಿ ಮೂಡಿದರೆ ಸಾಕು. ಕಡತದೊಳಗೆ ಅದು ಯಾವ ಅಂಕಿಯಾಗಿದೆಯೆಂದು ಕೇಳುವವರು ಯಾರು?

ಹಲ್ಮಿಡಿಯ ಶಾಸನವನ್ನು ಕಂಡರಿಸಿದ್ದು ಐದನೆಯ ಶತಮಾನದಲ್ಲಿ ಎಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಅದನ್ನು ಓದಲು ವಿದ್ವತ್ತು ಬೇಕು, ಹಗಲಿನ ಬೆಳಕು ಬೇಕು. ಬೇರಾವ ಸಲಕರಣೆಯೂ ಬೇಡ. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ 1894ರಲ್ಲಿ ಅಚ್ಚಾದ ಕಿಟೆಲ್ ಕೋಶವನ್ನು ಇಂದಿನ ವಿದ್ಯಾರ್ಥಿಯೂ ತೆರೆದು ಓದಬಲ್ಲ. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ಪ್ರಾಧ್ಯಾಪಕರಾಗಿದ್ದ ಶ್ರೀನಿವಾಸ ಹಾವನೂರರು ಹತ್ತೊಂಬತ್ತನೆಯ ಶತಮಾನದ ಮುದ್ರಿತ ಕನ್ನಡವನ್ನು ಅರಸಿ ‘ಹೊಸಗನ್ನಡದ ಅರುಣೋದಯ’ವನ್ನು 1974ರಲ್ಲಿ ಹೊರತರಲು ಸಾಧ್ಯವಾದದ್ದು, ಕಾಗದ ಎಷ್ಟೇ ಹಳದಿಯಾಗಿದ್ದರೂ ಅದರ ಮೇಲಿನ ಅಕ್ಷರ ತನ್ನ ಗುಟ್ಟನ್ನು ಮುಚ್ಚಿಟ್ಟುಕೊಳ್ಳದೆ ಇದ್ದುದರಿಂದ. ಮಾಸ್ಟ್ರ ಕಡತಕ್ಕೆ 2006ರಲ್ಲಿ ಇನ್ನೂ ಹತ್ತು ವರ್ಷ ತುಂಬಿರಲಿಲ್ಲ.

ಈ ಅವಸ್ಥೆ ಕನ್ನಡಕ್ಕಷ್ಟೇ ಬಂದದ್ದೆಂದು ಕೊರಗಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ 1086ರಲ್ಲಿ ಸಿದ್ಧವಾದ ಡೂಮ್ಸ್‌ಡೇ ಎಂಬ ಭೂದಾಖಲೆಯ ಒಂಬೈನೂರನೆಯ ವರ್ಷದ ನೆನಪಿಗೆ, 1986ರಲ್ಲಿ ಬಿ.ಬಿ.ಸಿ.ಯು ಹೊಸ ಡೂಮ್ಸ್‌ಡೇಯೊಂದನ್ನು ಲೇಸರ್ ತಟ್ಟೆಗಳ ಮೇಲೆ ಹೊರತಂದಿತು. ಶಾಲೆಯ ಮಕ್ಕಳು ಸೇರಿದಂತೆ ಅಪಾರ ಜನ ಅದಕ್ಕಾಗಿ ದುಡಿದರು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಆ ತಟ್ಟೆಗಳನ್ನು ಓದುವ ಯಂತ್ರಗಳೇ ಅಪರೂಪವಾಗಿ, ವಿಶೇಷ ಪ್ರಯತ್ನದಿಂದ ಅದನ್ನು ಉಳಿಸಿಕೊಳ್ಳಬೇಕಾಯಿತು. ಚರ್ಮಪತ್ರದ ಮೇಲೆ ಬರೆದ ಮೂಲ ದಾಖಲೆಯಾದರೋ ಇಂದಿಗೂ ಓದಲು ದೊರೆಯುತ್ತದೆ. ಅಲ್ಲಿ ಉಳಿಸಿಕೊಳ್ಳಲು ಸಂಸ್ಥೆಗಳಿದ್ದವು, ಹಣವಿತ್ತು. ಘಾಟ್ಲಾದ ಮನೆಯಲ್ಲಿ ಇದ್ದುದು ಒಂದು ಸಿ.ಡಿ. ಮತ್ತು ಒಬ್ಬ ಮುದುಕ.

ಹದಿನಾಲ್ಕು ವರ್ಷ ಆ ಸಿ.ಡಿ. ದೇವರ ಪಟದ ಹಿಂದೆ ಉಳಿಯಿತು. 2020ರ ಮಾರ್ಚಿನಲ್ಲಿ ಮಹಾಮಾರಿಯ ದೆಸೆಯಿಂದ ಊರಿಗೆ ಊರೇ ಬಾಗಿಲಿಕ್ಕಿಕೊಂಡಾಗ, ಕಂಪ್ಯೂಟರ್ ವಿಜ್ಞಾನ ಓದುತ್ತಿದ್ದ ಮೊಮ್ಮಗಳು ಮನೆಯಲ್ಲಿಯೇ ಉಳಿಯಬೇಕಾಯಿತು. ಅವಳು ಮನೆಯಲ್ಲಿ ತುಳು ಆಡುತ್ತಿದ್ದಳು, ಕಟ್ಟಡದ ಗೆಳತಿಯರೊಡನೆ ಮರಾಠಿ, ಹಿಂದಿ, ಓದು ಇಂಗ್ಲಿಷಿನಲ್ಲಿ. ಯಕ್ಷಗಾನದ ಮಾತುಗಳಿಂದ, ಅಜ್ಜನ ಬಾಯಿಂದ ಕೇಳಿ ಕನ್ನಡ ತಿಳಿಯುತ್ತಿತ್ತು. ಆದರೆ ಕನ್ನಡದ ಒಂದಕ್ಷರವನ್ನೂ ಅವಳು ಓದಲಾರಳು. ಸಿ.ಡಿ.ಯ ಕಥೆಯನ್ನು ಕೇಳಿದವಳು, “ಅಜ್ಜ, ಅಂಕಿಗಳೆಲ್ಲ ಸರಿಯಾಗಿವೆ. ಯಾವ ಅಂಕಿ ಯಾವ ಅಕ್ಷರ ಅನ್ನುವ ಪಟ್ಟಿ ಒಂದು ಕಳೆದುಹೋಗಿದೆ, ಅಷ್ಟೆ. ಕನ್ನಡದಲ್ಲಿ ಅಚ್ಚಾದ ಯಾವುದಾದರೂ ಪುಟ ಉಳಿದಿದೆಯಾ ನಿಮ್ಮ ಹತ್ತಿರ?” ಎಂದು ಕೇಳಿದಳು. ಅಟ್ಟದ ಮೇಲಿನ ಸೀರೆ ಅಂಗಡಿಯ ಚೀಲದಿಂದ ಆ ಇಪ್ಪತ್ತನಾಲ್ಕು ಕರಡು ಪುಟಗಳು ಹೊರಬಂದವು. ಅವುಗಳಲ್ಲಿ ಇದ್ದುದು ಸ್ವರಾಕ್ಷರಗಳಿಂದ ತೊಡಗುವ ಪದಗಳಷ್ಟೇ. ಆದರೂ ಅರ್ಥವಿವರಣೆಯ ವಾಕ್ಯಗಳಲ್ಲಿ ಕನ್ನಡದ ಬಹುತೇಕ ಎಲ್ಲ ಅಕ್ಷರಗಳೂ ಬಂದಿದ್ದವು. ಈಜಿಪ್ಟಿನ ಚಿತ್ರಲಿಪಿಯನ್ನು ಬಿಡಿಸಲು ರೋಸೆಟ್ಟಾ ಶಿಲೆ ನೆರವಾದಂತೆ, ಮರೆತುಹೋಗಿದ್ದ ಆ ಪುಟಗಳು ನೆರವಿಗೆ ನಿಂತವು.

ಕೆಲಸ ನಿಧಾನವಾಗಿ ಸಾಗಿತು. ಒಬ್ಬರ ಮುಂದೆ ಕಾಗದ, ಇನ್ನೊಬ್ಬಳ ಮುಂದೆ ಅಂಕಿಗಳ ಸಾಲು. ಮಾಸ್ಟ್ರು ಅಕ್ಷರವನ್ನು ಉಚ್ಚರಿಸುವರು, ಅದರ ಆಕಾರವನ್ನು ವರ್ಣಿಸುವರು. ಮೊಮ್ಮಗಳು ಅದಕ್ಕೆ ತಕ್ಕ ಅಂಕಿಯನ್ನು ಗುರುತಿಸುವಳು. “ಅಜ್ಜ, ಈ ನೂರ ತೊಂಬತ್ತೆರಡು ಎಲ್ಲ ಕಡೆಯೂ ಬರುತ್ತದಲ್ಲ, ಏನದು?” “ಅದು ತಲೆಕಟ್ಟು ಮಗಾ.” ಹೀಗೆ ಅವಳಿಗೆ ತಲೆಕಟ್ಟು ಮೊದಲು ಅಂಕಿಯಾಗಿ, ಅನಂತರ ಆಕಾರವಾಗಿ, ಕೊನೆಗೆ ಅಕಾರದ ಸ್ವರವಾಗಿ ಪರಿಚಯವಾಯಿತು. ಲಿಪಿ ಬಲ್ಲವರಿಗೆ ಸಂಕೇತ ತಿಳಿಯದು, ಸಂಕೇತ ಬಲ್ಲವಳಿಗೆ ಲಿಪಿ ತಿಳಿಯದು. ಯಂತ್ರದ ಮುಂದೆ ಮುದುಕರು ಅಜ್ಞಾನಿಗಳು, ಕಿರಿಯರು ಜ್ಞಾನಿಗಳು ಎಂಬ ಸಿದ್ಧಚಿತ್ರ ಇಲ್ಲಿ ಎರಡೂ ಕಡೆಯಿಂದ ಕುಸಿಯಿತು.

ಮೊದಲ ಬಾರಿಗೆ ಕಡತವನ್ನು ಪೂರ್ತಿಯಾಗಿ ಯುನಿಕೋಡಿಗೆ ತಿರುಗಿಸಿದ ದಿನ ಪರದೆಯ ಮೇಲೆ ಕನ್ನಡ ಕಂಡಿತು. ಮಾಸ್ಟ್ರು ಕನ್ನಡಕ ಏರಿಸಿಕೊಂಡು ಓದತೊಡಗಿ, ಎರಡನೆಯ ಸಾಲಿನಲ್ಲಿಯೇ ನಿಂತರು. ‘ಕರ್ನಾಟಕ’ ಎಂದಿರಬೇಕಾದಲ್ಲಿ ‘ಕನಾರ್ಟಕ’ ಎಂದಿತ್ತು. ‘ಧರ್ಮ’ವೆಲ್ಲ ‘ಧಮರ್’ ಆಗಿತ್ತು. ಜಾಲತಾಣಗಳಲ್ಲಿ ಅನೇಕರು ಕಂಡು ನಕ್ಕಿರಬಹುದಾದ ತಪ್ಪು ಇದು. ಆದರೆ ಅದರ ಮೂಲ ಅರಿಯಬೇಕಾದದ್ದು. ಕನ್ನಡದಲ್ಲಿ ಅರ್ಕಾವೊತ್ತನ್ನು ಉಚ್ಚರಿಸುವುದು ಮೊದಲು, ಬರೆಯುವುದು ಆಮೇಲೆ. ಸೀಸದ ಮೊಳೆ ಜೋಡಿಸುತ್ತಿದ್ದ ಕಂಪಾಸಿಟರು ಕಣ್ಣಿಗೆ ಕಾಣುವ ಕ್ರಮದಲ್ಲಿ ನಾಕಾರದ ಬಳಿಕ ಅರ್ಕಾವೊತ್ತಿನ ಮೊಳೆಯನ್ನು ಇಡುತ್ತಿದ್ದನು. ಡಿ.ಟಿ.ಪಿ. ಫಾಂಟುಗಳು ಅವನ ಕೈಯ ಕ್ರಮವನ್ನೇ ನಕಲು ಮಾಡಿದವು. ಯುನಿಕೋಡಾದರೋ ಕಿವಿಗೆ ಕೇಳುವ ಕ್ರಮದಲ್ಲಿ ಅಕ್ಷರಗಳನ್ನು ಕೂಡಿಡುತ್ತದೆ. ಕಣ್ಣಿಗೆ ಹೇಗೆ ಕಾಣಬೇಕೆಂಬುದನ್ನು ಫಾಂಟಿಗೆ ಬಿಡುತ್ತದೆ. ಹೊಸ ಯಂತ್ರ ಬಂದರೂ ಅದರೊಳಗೆ ಮೊದಲ ಕೆಲವು ವರ್ಷ ಹಳೆಯ ಯಂತ್ರದ ನೆರಳೇ ದುಡಿಯುತ್ತಿತ್ತು.

ಪದಕೋಶ ಮಾಡುವವನಿಗೆ ಈ ವ್ಯತ್ಯಾಸ ಸಣ್ಣದಲ್ಲ. ಕಣ್ಣಿನ ಕ್ರಮದಲ್ಲಿ ಕೂಡಿಟ್ಟ ತುಂಡುಗಳನ್ನು ಯಂತ್ರ ಅಕಾರಾದಿಯಾಗಿ ಜೋಡಿಸಲಾರದು, ಪದವೊಂದನ್ನು ಸರಿಯಾಗಿ ಹುಡುಕಲಾರದು. ಅದಕ್ಕೆ ಅವು ಬರಿಯ ಚಿತ್ರಗಳು. ಕಿವಿಯ ಕ್ರಮಕ್ಕೆ ಬಂದೊಡನೆ ಅವು ಭಾಷೆಯಾಗುತ್ತವೆ. ಮೊಮ್ಮಗಳು ಅರ್ಕಾವೊತ್ತಿಗೆ ಬೇರೆ ನಿಯಮ ಬರೆದಳು. ಆಮೇಲೆ ಒತ್ತಕ್ಷರಗಳ ಸರದಿ: ‘ಸಪ್ಲಾಯ್‌ವಾಲಾ’ ಎಂದು ಬಿಡಿಸಿ ಬರೆಯಬೇಕಾದದ್ದು ‘ಸಪ್ಲಾಯ್ವಾಲಾ’ ಎಂದು ಒತ್ತಾಗಿ ಬಿಗಿದುಕೊಂಡಿತ್ತು. ಕಾಣದ ಒಂದು ಸಂಕೇತವನ್ನು ನಡುವೆ ಇರಿಸಿ ಅದನ್ನು ಬಿಡಿಸಬೇಕಾಯಿತು. ಒಂದೊಂದು ತಪ್ಪನ್ನು ತಿದ್ದುವಾಗಲೂ ಅದು ಏಕೆ ತಪ್ಪು ಎಂದು ಅವಳು ಕೇಳಿದಳು. ಒಂದೊಂದು ಉತ್ತರದಲ್ಲಿಯೂ ಒಂದು ವ್ಯಾಕರಣ ಪಾಠವಿತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ಅವಳು ಕನ್ನಡ ಓದುತ್ತಿದ್ದಳು. ಕಲಿಯಬೇಕೆಂದು ಕುಳಿತವಳಲ್ಲ, ತಪ್ಪು ಹುಡುಕಲು ಕುಳಿತವಳು.

ಆ ದಿನಗಳಲ್ಲಿಯೇ ಅವಳು ಯುನಿಕೋಡಿನ ಪಟ್ಟಿಯಲ್ಲಿ ಒಂದು ವಿಚಿತ್ರವನ್ನು ಕಂಡು ಅಜ್ಜನಿಗೆ ತೋರಿಸಿದಳು. ಪಂಪನ ಕಾವ್ಯವನ್ನು ಓದಿದವರೆಲ್ಲ ಬಲ್ಲ ಹಳಗನ್ನಡದ ‘ೞ’ಕಾರಕ್ಕೆ ಆ ಪಟ್ಟಿಯಲ್ಲಿ ಇಟ್ಟಿರುವ ಇಂಗ್ಲಿಷ್ ಹೆಸರು ‘ಫ’ ಎಂದು. ಇದು ತಪ್ಪೆಂದು ಯುನಿಕೋಡಿನವರೇ ಬಳಿಕ ಟಿಪ್ಪಣಿ ಬರೆದು ಒಪ್ಪಿಕೊಂಡಿದ್ದಾರೆ, ಸರಿಯಾದ ಪರ್ಯಾಯ ನಾಮವನ್ನೂ ಕೊಟ್ಟಿದ್ದಾರೆ. ಆದರೆ ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲವೆಂಬ ನಿಯಮದಿಂದ ಮೂಲದ ಹೆಸರು ಹಾಗೆಯೇ ಉಳಿದಿದೆ. ಅಕ್ಷರದ ರೂಪಕ್ಕಾಗಲಿ ಬಳಕೆಗಾಗಲಿ ಇದರಿಂದ ಬಾಧೆಯಿಲ್ಲ. ಆದರೂ ಮಾಸ್ಟ್ರು ಆ ಹೆಸರನ್ನು ಬಹಳ ಹೊತ್ತು ನೋಡುತ್ತ ಕುಳಿತರು. ಹಳಗನ್ನಡ ಬಲ್ಲ ಒಬ್ಬರು ಆ ಪಟ್ಟಿ ಸಿದ್ಧವಾದ ಮೇಜಿನ ಬಳಿ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದರು.

ತಂತ್ರಜ್ಞಾನವನ್ನು ಸ್ವೀಕರಿಸುವುದರ ನಿಜವಾದ ಕಷ್ಟ ಆ ಮಾತಿನಲ್ಲಿದೆ. ಗುಂಡಿ ಒತ್ತುವುದನ್ನು ಯಾರೂ ಯಾವ ವಯಸ್ಸಿನಲ್ಲಿಯೂ ಕಲಿಯಬಲ್ಲರು. ಆದರೆ ಯಂತ್ರ ಅಂಗಡಿಗೆ ಬರುವ ಮುನ್ನವೇ ಅದರೊಳಗಿನ ಒಪ್ಪಂದಗಳು ಎಲ್ಲೋ ನಿಶ್ಚಯವಾಗಿರುತ್ತವೆ, ಇಲ್ಲವೆ ಯಾರೂ ನಿಶ್ಚಯಿಸದೆ ಬಿಟ್ಟಿರುತ್ತಾರೆ. ಭಾಷೆಯನ್ನು ಬಲ್ಲವರು ಆ ಹೊತ್ತಿನಲ್ಲಿ ದೂರ ಉಳಿದು, ಅನುಕೂಲ ಕೈಗೆ ಬಂದ ಮೇಲೆ ಗಿರಾಕಿಗಳಾಗಿ ಮಾತ್ರ ಬಂದರೆ, ಒಪ್ಪಂದವಿಲ್ಲದ ಅನುಕೂಲದ ಬೆಲೆಯನ್ನು ಹತ್ತು ವರ್ಷದ ಮೇಲೆ ತೆರಬೇಕಾಗುತ್ತದೆ. ಮೊಳೆಯ ಕಾಲದಲ್ಲಿ ಈ ಪ್ರಶ್ನೆ ಏಳಲಿಲ್ಲ. ಮೊಳೆ ಯಾವ ಕಾರ್ಖಾನೆಯದಾದರೂ ಅದು ಕಾಗದದ ಮೇಲೆ ಬಿಟ್ಟುಹೋದ ಗುರುತು ಎಲ್ಲರ ಸೊತ್ತಾಗಿತ್ತು. ಕಡತದೊಳಗಿನ ಅಂಕಿಯಾದರೋ ಒಪ್ಪಂದ ಇರುವವರೆಗೆ ಮಾತ್ರ ಎಲ್ಲರದು.

ಈ ಪಾಠ ವಿದ್ಯಾಲಯಗಳಿಗೂ ಅನ್ವಯಿಸುತ್ತದೆ. 1990ರ ದಶಕದಿಂದ ಮುಂದಿನ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಕನ್ನಡದಲ್ಲಿ ಸಿದ್ಧವಾದ ಸಂಶೋಧನ ಪ್ರಬಂಧಗಳು, ಕ್ಷೇತ್ರಕಾರ್ಯದ ಟಿಪ್ಪಣಿಗಳು, ಜಾನಪದ ಸಂಗ್ರಹಗಳು, ಸಂಘ ಸಂಸ್ಥೆಗಳ ವರದಿಗಳು ಬಹುಪಾಲು ಇಂಥ ಫಾಂಟುಗಳಲ್ಲಿಯೇ ಮೂಡಿದವು. ಅಚ್ಚಾದವು ಬದುಕಿದವು; ಮುದ್ರಿತ ಪುಟದ ಅಕ್ಷರವನ್ನು ಗುರುತಿಸುವ ತಂತ್ರ ಈಗ ಕನ್ನಡಕ್ಕೂ ಒದಗಿರುವುದರಿಂದ ಅವು ಮತ್ತೆ ಕಡತಗಳಾಗಬಲ್ಲವು. ಅಚ್ಚಾಗದೆ ಉಳಿದವುಗಳ ಗತಿ ಬೇರೆ. ಪ್ರಚಾರದಲ್ಲಿದ್ದ ಫಾಂಟುಗಳನ್ನು ಯುನಿಕೋಡಿಗೆ ತಿರುಗಿಸುವ ಸಾಧನಗಳು ಇಂದು ದೊರೆಯುತ್ತವೆ; ಅಲ್ಪಾಯುಗಳಾಗಿ ಮರೆಯಾದ ಫಾಂಟುಗಳಿಗೆ ಅವು ದೊರೆಯವು. ಕಪಾಟಿನ ಮೂಲೆಯ ಯಾವ ತಟ್ಟೆಯಲ್ಲಿ ಏನಿದೆಯೆಂದು ಹೇಳಬಲ್ಲವರು, ಆ ಬರಹವನ್ನು ಕಣ್ಣಾರೆ ಓದಿ ತಿದ್ದಬಲ್ಲವರು ಇನ್ನೂ ಇರುವಾಗಲೇ ಈ ಕೆಲಸ ನಡೆಯಬೇಕು. ಹಸ್ತಪ್ರತಿಗಳನ್ನು ಸಂಪಾದಿಸುವುದನ್ನು ಕಲಿಯುವ ವಿದ್ಯಾರ್ಥಿ ಹಳೆಯ ಕಡತಗಳನ್ನು ಸಂಪಾದಿಸುವುದನ್ನೂ ಕಲಿತರೆ ಅದು ಗ್ರಂಥಸಂಪಾದನ ಶಾಸ್ತ್ರದ ಸಹಜ ವಿಸ್ತರಣವಾದೀತು. ಅಲ್ಲಿಯೂ ಪಾಠಾಂತರವುಂಟು, ಲಿಪಿಕಾರನ ದೋಷವುಂಟು. ಲಿಪಿಕಾರ ಮಾತ್ರ ಯಂತ್ರ.

ಮಾಸ್ಟ್ರ ಪದಕೋಶದ ಹೆಚ್ಚಿನ ಭಾಗ ಹೀಗೆ ಮರಳಿ ಬಂತು. ಸಕಾರ, ಹಕಾರಗಳು ಬರಲಿಲ್ಲ. ಹೋಟೆಲು ಕಾರ್ಮಿಕರ ಭಾಷೆಯ ಕೋಶದಲ್ಲಿ ‘ಹೋಟೆಲು’ ಎಂಬ ಪದವೇ ಕಾಣೆಯಾಯಿತು. ‘ಸೇಟು’, ‘ಸಾದಾ’, ‘ಹಫ್ತಾ’ಗಳೂ ಇಲ್ಲ. ಎಂಬತ್ತೆರಡರ ನೆನಪು ಕೆಲವನ್ನು ಹಿಡಿದು ತಂದಿತು. ಪದ ನೆನಪಾದರೂ ಅದನ್ನು ಆಡಿದವನ ಊರು, ಉಚ್ಚಾರ, ಸಂದರ್ಭ ನೆನಪಾಗಲಿಲ್ಲ. ಚೀಟಿಯಲ್ಲಿ ಮುಖ್ಯವಾಗಿದ್ದುದು ಅದೇ. ಆ ಹುಡುಗರಲ್ಲಿ ಹಲವರು ಊರಿಗೆ ಮರಳಿದ್ದರು, ಕೆಲವರು ತೀರಿಕೊಂಡಿದ್ದರು. ಅವರು ದುಡಿದ ಹೋಟೆಲುಗಳಲ್ಲಿ ಎಷ್ಟೋ ಬೇರೆ ಅಂಗಡಿಗಳಾಗಿದ್ದವು. ಯಾವ ಒಪ್ಪಂದವೂ ಈ ನಷ್ಟವನ್ನು ತುಂಬಿಕೊಡಲಾರದು.

ಕೋಶದ ಪ್ರತಿಯನ್ನು ಮೊಮ್ಮಗಳು ಮೂರು ಬೇರೆ ಬೇರೆ ಕಡೆ ಇರಿಸಿದಳು. ಅಷ್ಟು ಸಾಲದೆಂದು ಮಾಸ್ಟ್ರು ಕಾಗದದ ಮೇಲೂ ಕೆಲವು ಪ್ರತಿಗಳನ್ನು ತೆಗೆಸಿದರು. “ಮತ್ತೆ ನೀರು ಬಂದರೆ ಅಜ್ಜ?” ಎಂದು ಅವಳು ಕೇಳಿದ್ದಕ್ಕೆ, “ಈ ಸಲ ಎಲ್ಲ ಪ್ರತಿಯೂ ಒಂದೇ ಮಂಚದ ಅಡಿಯಲ್ಲಿ ಇರುವುದಿಲ್ಲ” ಎಂದರು. ಆ ಪ್ರತಿಗಳಲ್ಲಿ ಸಕಾರಕ್ಕೂ ಹಕಾರಕ್ಕೂ ಗೆರೆ ಎಳೆದ ಖಾಲಿ ಪುಟಗಳನ್ನು ಬಿಟ್ಟಿದ್ದಾರೆ. ಹಳೆಯ ಶಿಷ್ಯರು ಬಂದಾಗ ಅವುಗಳನ್ನು ಮುಂದಿಡುತ್ತಾರೆ. ನೆನಪಾದವರು ಬರೆಯುತ್ತಾರೆ, ಬರೆಯಲಾರದವರು ಹೇಳಿ ಬರೆಸುತ್ತಾರೆ. ಮನೆಯ ಪ್ರತಿಯಲ್ಲಿ ಹಕಾರದ ಮೊದಲ ನಮೂದು ‘ಹೋಟೆಲು’. ಅರ್ಥವನ್ನು ಹೇಳಿದವರು ಮಾಸ್ಟ್ರು. ನೀಲಿ ಶಾಯಿಯಲ್ಲಿ, ಇನ್ನೂ ಪಳಗದ ದುಂಡನೆಯ ಅಕ್ಷರಗಳಲ್ಲಿ ಬರೆದವಳು ಮೊಮ್ಮಗಳು.